ಕಾಲೊನಿ ಗೇಟಿನ ಮುಂದಿನ ಬಸ್ ಸ್ಟಾಪು

ಬಸ್ ಸ್ಟಾಪು ಅಂತ ಹೇಳಿಕೊಳ್ಳುವಂಥದ್ದೇನೂ ಅಲ್ಲಿರಲಿಲ್ಲ. ಒಂದು ಕಂಬ, ಅದರ ಮೇಲೆ ಬಸ್ಸಿನ ಚಿತ್ರ ಇರುವ ತಗಡು, ಕೆಳಗೆ ನಾಲ್ಕು ಜನ ನಿಲ್ಲುವಷ್ಟು ಸಿಮೆಂಟು. ಹಿಂದೆ ಕಾಲೊನಿಯ ಗೇಟು. ಗೇಟಿನ ಪಕ್ಕದ ಕಲ್ಲಿನ ಗೋಡೆಯ ಮೇಲೆ ಕಾಲೊನಿಯ ಹೆಸರು, ಹೆಸರಿನ ಮೇಲೆ ದೀಪ. ಆ ದೀಪದ ಬೆಳಕು ಸ್ಟಾಪಿನವರೆಗೂ ಬೀಳುತ್ತಿತ್ತು. ಬೆಳಕು ಹರಿಯುವ ಮುಂಚೆ ವೇರ್‌ಹೌಸಿನ ಪಾಳಿಗೆ ಹೊರಡುವ ಹೆಂಗಸರಿಗೆ ಅದೊಂದು ಧೈರ್ಯ. ಆ ಕಂಬವನ್ನು ಕಿತ್ತು ಹೈವೇ ಪಕ್ಕಕ್ಕೆ ಹಾಕಿಸಬೇಕು ಎಂದು ಹೊರಟವರು ನಮ್ಮವರೇ. ಹಬ್ಬಕ್ಕೆ ಒಬ್ಬಟ್ಟು ಮಾಡಿ ಅಕ್ಕಪಕ್ಕ ಹಂಚುವ ನಮ್ಮವರು. ಇದನ್ನು ಬರೆಯಲು ಕೂತಾಗಲೂ ಸಿಟ್ಟು ಇಳಿದಿಲ್ಲ.

ನ್ಯೂಜೆರ್ಸಿಯಲ್ಲಿ, ಮಾನ್ಮತ್ ಜಂಕ್ಷನ್ ಕಡೆಯ ಊರು ಅದು. ಕಾಲೊನಿಯಲ್ಲಿ ದೊಡ್ಡ ದೊಡ್ಡ ಮನೆ, ಬಹುತೇಕ ಭಾರತದವರದೇ. ಕಾಲೊನಿಯ ಹಿಂದೆ ಹಳೆಯ ಅಪಾರ್ಟ್‌ಮೆಂಟು. ಅಲ್ಲಿ ಈಕ್ವಡಾರ್, ಗ್ವಾಟೆಮಾಲಾ, ಮೆಕ್ಸಿಕೋದಿಂದ ಬಂದ ಕುಟುಂಬಗಳು. ಆ ಹೆಂಗಸರು ಕಾಲೊನಿಯ ಫುಟ್‌ಪಾತಿನಲ್ಲಿ ನಡೆದು ಗೇಟಿಗೆ ಬಂದು ಬಸ್ಸು ಹತ್ತುತ್ತಿದ್ದರು. ನಾನೂ ನನ್ನ ಹೆಂಡತಿಯೂ ಅವರ ಜೊತೆ ಹತ್ತುತ್ತಿದ್ದೆವು. ನಾವಿದ್ದದ್ದು ಕಾಲೊನಿಯ ಒಳಗೇ, ಒಂದು ಮನೆಯ ಬೇಸ್‌ಮೆಂಟಿನಲ್ಲಿ. ಮನೆಯ ಓನರ್ ಬೆಂಗಳೂರಿನವರು, ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಆ ಭಾಗದ ಕನ್ನಡ ಸಂಘಕ್ಕೆ ಅವರೇ ಪ್ರೆಸಿಡೆಂಟು. ಕಾಲೊನಿಯ ಮನೆ ಮಾಲೀಕರ ಕಮಿಟಿಗೂ ಅವರೇ ಮುಂದಾಳು. ಬೇಸ್‌ಮೆಂಟನ್ನು ಬಾಡಿಗೆಗೆ ಕೊಡುವುದು ಟೌನ್‌ಶಿಪ್ಪಿನ, ಅಂದರೆ ಇಲ್ಲಿನ ಪುರಸಭೆಯ, ನಿಯಮಕ್ಕೆ ವಿರುದ್ಧ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ನಾವು ಗ್ಯಾರೇಜಿನ ಬಾಗಿಲಿನಿಂದ ಓಡಾಡುತ್ತಿದ್ದೆವು. ಭಾನುವಾರ ನನ್ನ ಹೆಂಡತಿ ಮೇಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿದು ಕೊಡುತ್ತಿದ್ದಳು. "ಆಂಟಿ ನಮ್ಮ ಫ್ಯಾಮಿಲಿ ಇದ್ದ ಹಾಗೆ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಸುದ್ದಿ ಮೊದಲು ತಂದವರು ನಮ್ಮ ಮಾಸ್ತರು. ಅವರ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ನಾನು ಹುನಗುಂದದ ಕಡೆಯವನು. ಶಾಲೆ ನಡುವೆ ಬಿಟ್ಟು, ಮೀಸೆ ನರೆಯುವ ಹೊತ್ತಿಗೆ ಮತ್ತೆ ಪುಸ್ತಕ ಹಿಡಿದವನು. ಇಲ್ಲಿ ಚರ್ಚೊಂದರ ನೆಲಮಾಳಿಗೆಯಲ್ಲಿ ಸಂಜೆ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಕಲಿಸುತ್ತಿದ್ದವರು ಪೋರ್ಟೊರಿಕೋ ಮೂಲದ ಒಬ್ಬರು. ಅವರ ಜನ ಅವರನ್ನು 'ಪ್ರೊಫೆ' ಅನ್ನುತ್ತಿದ್ದರು, ಅಂದರೆ ಮಾಸ್ತರು. ನಾನೂ ಮಾಸ್ತರೇ ಅಂದೆ. ಹಗಲು ಬಾಯ್ಲರ್ ರಿಪೇರಿ ಕೆಲಸ, ಸಂಜೆ ಕ್ಲಾಸು, ಶನಿವಾರ ಬಡವರಿಗೆ ದಿನಸಿ ಹಂಚುವ ಪ್ಯಾಂಟ್ರಿ. ಯಾರಿಗಾದರೂ ಆಸ್ಪತ್ರೆ ಅಂದರೆ ಅವರದೇ ವ್ಯಾನು. ಆ ವ್ಯಾನಿನಲ್ಲಿ ಸದಾ ಮಡಚುವ ಕುರ್ಚಿಗಳು. ಎಲ್ಲಿ ಹತ್ತು ಜನ ಸೇರಿದರೂ ಅಲ್ಲೊಂದು ಮೀಟಿಂಗು. ಟೌನ್‌ಶಿಪ್ ಕೌನ್ಸಿಲ್ಲಿಗೆ ನಿಂತು ಎರಡು ಸಲ ಸೋತು, ಮೂರನೆಯ ಸಲ ಮನೆಮನೆ ಬಾಗಿಲು ತಟ್ಟಿ ಗೆದ್ದಿದ್ದರು. ಐದು ಜನರ ಕೌನ್ಸಿಲ್ಲಿನಲ್ಲಿ ಸ್ಪ್ಯಾನಿಷ್ ಮನೆಮಾತಿನವರು ಅವರೊಬ್ಬರೇ.

"ನಿನ್ನ ಕಾಲೊನಿಯವರು ಅರ್ಜಿ ಹಾಕಿದ್ದಾರೆ," ಎಂದರು ಒಂದು ಸಂಜೆ ಕ್ಲಾಸು ಮುಗಿದ ಮೇಲೆ. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. "ಗೇಟಿನ ಮುಂದೆ ಅಪರಿಚಿತರು ನಿಲ್ಲುತ್ತಾರಂತೆ. ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳಿಗೆ ಅಪಾಯವಂತೆ. ಸ್ಟಾಪನ್ನು ಹೈವೇಗೆ, ಗ್ಯಾಸ್ ಸ್ಟೇಷನ್ನಿನ ಆಚೆಗೆ ಹಾಕಬೇಕಂತೆ."

ಗ್ಯಾಸ್ ಸ್ಟೇಷನ್ನಿನ ಆಚೆ ಫುಟ್‌ಪಾತಿಲ್ಲ. ಟ್ರಕ್ಕುಗಳು ವೇರ್‌ಹೌಸಿಗೆ ತಿರುಗುವ ಜಾಗ ಅದು. ಚಳಿಗಾಲದಲ್ಲಿ ಯಂತ್ರ ತಳ್ಳಿದ ಹಿಮವೆಲ್ಲ ರಸ್ತೆಯ ಅಂಚಿನಲ್ಲೇ ಗುಡ್ಡೆಯಾಗುತ್ತದೆ. ನಿಲ್ಲುವುದಾದರೆ ರಸ್ತೆಯ ಮೇಲೇ ನಿಲ್ಲಬೇಕು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ಕತ್ತಲಾಗ ಅಲ್ಲಿ ನಿಂತ್ರ ಟ್ರಕ್ಕಿನ್ಯಾವಗ ನಾ ಕಾಣ್ತೀನೇನ್ರಿ?" ಎಂದಳು. "ಕೆಲಸ ಬಿಡಬೇಕಾಕ್ಕೈತಿ ನೋಡ್ರಿ."

ಮಾರನೆಯ ಸಂಜೆಯೇ ಮಾಸ್ತರ ಹತ್ತಿರ ಹೋದೆ.

ಬಸ್ಸು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಕೌನ್ಸಿಲ್ಲಿನ ಠರಾವು ಬೇಕು. ಐದು ವೋಟಿನ ಲೆಕ್ಕವನ್ನು ಮಾಸ್ತರು ಬಿಡಿಸಿ ಹೇಳಿದರು. ಮೇಯರೂ ಇನ್ನೊಬ್ಬರೂ ಕಾಲೊನಿಯ ಕಡೆ. ಮಾಸ್ತರು ಮತ್ತು ನರ್ಸಾಗಿ ನಿವೃತ್ತರಾದ ಒಬ್ಬ ಸದಸ್ಯೆ ನಮ್ಮ ಕಡೆ. ಉಳಿದವರು ಒಬ್ಬರೇ, ಹೈಸ್ಕೂಲಿನಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದ ಮುದುಕರು. ಅವರು ಯಾವ ಕಡೆಗೂ ಮಾತು ಕೊಡುವುದಿಲ್ಲ, ಮೀಟಿಂಗಿನಲ್ಲಿ ಊರಿನವರು ಏನು ಹೇಳುತ್ತಾರೋ ಕೇಳಿ ಕೈ ಎತ್ತುತ್ತಾರೆ. "ಅಪಾರ್ಟ್‌ಮೆಂಟಿನವರು ಬರುತ್ತಾರೆ, ಅದು ಅವರಿಗೂ ಗೊತ್ತು," ಎಂದರು ಮಾಸ್ತರು. "ಕಾಲೊನಿಯ ಒಳಗಿನಿಂದ ನಾಲ್ಕು ಜನ ಎದ್ದು ನಿಂತು ಸ್ಟಾಪು ಇರಲಿ ಅಂದರೆ ಕೋಚ್ ನಮ್ಮವರು. ಆ ನಾಲ್ಕು ಜನರನ್ನು ನೀನು ತಾ."

ಬಾಗಿಲು ತಟ್ಟುವುದನ್ನು ಅವರೇ ಕಲಿಸಿದರು. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿ, ಕ್ಯಾಮೆರಾಕ್ಕೆ ಮುಖ ಕಾಣಲಿ. ಕೈ ಜೇಬಿನಿಂದ ಹೊರಗಿರಲಿ. ಒಂದೇ ವಿಷಯ ಹೇಳು, ಎರಡು ಬೇಡ. ಯಾರು ಕರೆದರೂ ಒಳಗೆ ಹೋಗಬೇಡ, ಹೊತ್ತು ಹೋಗುತ್ತದೆ. ಕೊನೆಗೆ ಆ ಮನೆಗೆ ಒಂದರಿಂದ ಐದರೊಳಗೆ ಒಂದು ಅಂಕಿ ಹಾಕು. ಒಂದು ಅಂದರೆ ಖಂಡಿತ ಬರುತ್ತಾರೆ, ಐದು ಅಂದರೆ ಆಗುವುದೇ ಇಲ್ಲ.

ಕನ್ನಡದ ಮನೆಯಲ್ಲಿ ಒಳಗೆ ಹೋಗದೆ ಇರುವುದು ಹೇಗೆ?

"ಅಯ್ಯೋ ಅಂಕಲ್, ಹೊರಗೇ ನಿಂತ್ರೆ ಹೇಗೆ? ಬನ್ನಿ, ಕಾಫಿ ಕುಡೀರಿ."

"ಬಸ್ ಸ್ಟಾಪಿನ ವಿಷಯಕ್ಕ ಬಂದಿದ್ನಿ, ಅವ್ವಾ."

"ಹೂಂ, ಪಾಪ ಅವರೂ ಕೆಲಸಕ್ಕೆ ಹೋಗ್ಬೇಕಲ್ವಾ. ನಾವು ಟೋಟಲೀ ಸಪೋರ್ಟ್ ಮಾಡ್ತೀವಿ ಅಂಕಲ್. ಚಕ್ಕುಲಿ ತಗೊಳ್ಳಿ, ಊರಿಂದ ಬಂದಿದ್ದು."

ಹೀಗೆ ಮನೆ ಮನೆಯಲ್ಲಿ ಕಾಫಿ. ಒಂದು ಮನೆಯಲ್ಲಿ ಚಿಕ್ಕ ಹುಡುಗಿ ಬಾಗಿಲು ತೆಗೆದು ಒಳಗೆ ತಿರುಗಿ, "ಮಾಮ್, ದ ಬೇಸ್‌ಮೆಂಟ್ ಅಂಕಲ್ ಈಸ್ ಹಿಯರ್" ಎಂದು ಕೂಗಿದಳು. ಆ ಮಾತು ನುಂಗಿಕೊಂಡೆ. ಅಲ್ಲೂ ಕಾಫಿ ಕುಡಿದೆ. ಎಲ್ಲ ಮನೆಗೂ 'ಒಂದು' ಎಂದೇ ಅಂಕಿ ಹಾಕಿ ತಂದೆ. ಮಾಸ್ತರು ಕಾಗದ ನೋಡಿ ನಕ್ಕರು.

"ಇಷ್ಟು ಒಳ್ಳೆಯ ಬೀದಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಎರ್ಮಾನೊ, ನಿಮ್ಮವರು ಇಲ್ಲ ಅನ್ನುವವರಿಗೂ ಕಾಫಿ ಕೊಡುತ್ತಾರಾ?" ಎರ್ಮಾನೊ ಅಂದರೆ ಅವರ ಮಾತಿನಲ್ಲಿ ತಮ್ಮ.

"ಕೊಡ್ತಾರೆ," ಎಂದೆ. ಹೇಳಿದ ಮೇಲೆ ನನಗೇ ತಿಳಿಯಿತು.

ಮತ್ತೆ ಹೋದೆ. ಈ ಸಲ ಯಾವತ್ತು, ಎಷ್ಟು ಗಂಟೆಗೆ, ಯಾರು ಬಂದು ಮಾತಾಡುತ್ತೀರಿ ಎಂದು ಕೇಳಿದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಪ್ರೆಸಿಡೆಂಟ್ ಏನಂತಾರೆ ಅಂಕಲ್? ಅವರು ಓಕೆ ಅಂದ್ರೆ ನಾವೆಲ್ಲ ಬರ್ತೀವಿ." ಪ್ರೆಸಿಡೆಂಟ್ ಅಂದರೆ ನಮ್ಮ ಮನೆಯ ಓನರ್. ನಾನು ಊರೆಲ್ಲ ಸುತ್ತಿ ನನ್ನ ತಲೆಯ ಮೇಲಿನ ಮಹಡಿಗೇ ಬಂದು ನಿಂತೆ.

ಅವರು ಸಿಟ್ಟಾಗಲಿಲ್ಲ. ಸೋಫಾದ ಮೇಲೆ ಕೂರಿಸಿದರು. "ಅಂಕಲ್, ನಮಗೂ ಯಾರ ಮೇಲೂ ದ್ವೇಷ ಇಲ್ಲ. ಒಂದ್ ಕೆಲ್ಸ ಮಾಡೋಣ. ಯುಗಾದಿ ಪ್ರೋಗ್ರಾಮ್‌ಗೆ ನಿಮ್ಮ ಮೇಷ್ಟ್ರನ್ನ ಕರ್ಕೊಂಡು ಬನ್ನಿ. ಸನ್ಮಾನ ಮಾಡೋಣ. ನಮ್ಮ ಜನದ ಮುಂದೆ ಅವರೇ ಮಾತಾಡ್ಲಿ."

ನಾನು ಕುಣಿಯುತ್ತ ಕೆಳಗಿಳಿದೆ. ಸ್ಟೇಜಿನ ಮೇಲೆ ಮಾಸ್ತರಿಗೆ ಮೈಕು ಸಿಕ್ಕರೆ ಸಾಕು, ಅವರ ಮಾತಿಗೆ ಕಲ್ಲೂ ಕರಗುತ್ತದೆ ಎಂದು ನನ್ನ ನಂಬಿಕೆ.

ಪ್ರೋಗ್ರಾಮು ಹತ್ತಿರದ ಪಿಸ್ಕಾಟವೇ ಊರಿನ ಒಂದು ಶಾಲೆಯ ಆಡಿಟೋರಿಯಮ್ಮಿನಲ್ಲಿ. ಮಾಸ್ತರು ಟೈ ಕಟ್ಟಿಕೊಂಡು, ಮಾತಾಡುವುದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಸ್ಟೇಜಿಗೆ ಕರೆದರು. ಹಾರ ಹಾಕಿದರು, ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು. ಹಣ್ಣಿನ ಬುಟ್ಟಿ, ಬೆಳ್ಳಿ ಬಣ್ಣದ ಫಲಕ. ಮಾಸ್ತರು ಸ್ಟೇಜಿನ ಪಕ್ಕ ನಿಂತಿದ್ದ ನನ್ನ ಕಡೆ ಬಗ್ಗಿ ಕೇಳಿದರು:

"ಇಷ್ಟೆಲ್ಲ ನಾನು ತೆಗೆದುಕೊಳ್ಳಬಹುದಾ? ಬೇಡ ಅನ್ನಲಾ?"

"ಬೇಡ ಅಂದರೆ ಅವರಿಗೆ ಅವಮಾನ, ಮಾಸ್ತರೆ. ತಗೊಳ್ಳಿ," ಎಂದೆ. ನಮ್ಮಲ್ಲಿ ಹಾಗೆಯೇ ಅಲ್ಲವೇ? ಹೊದಿಸಿದ ಶಾಲನ್ನು ಯಾರಾದರೂ ತೆಗೆದು ವಾಪಸು ಕೊಡುತ್ತಾರೆಯೇ?

ಫೋಟೊ ತೆಗೆದರು. ಚಪ್ಪಾಳೆ ಹೊಡೆದರು. ಮಾಸ್ತರು ಜೇಬಿನಿಂದ ಚೀಟಿ ತೆಗೆದು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟರು. ನಿರೂಪಣೆ ಮಾಡುತ್ತಿದ್ದ ಹುಡುಗಿ ನಗುನಗುತ್ತ ಮೈಕು ತೆಗೆದುಕೊಂಡು, "ಟೈಮ್ ತುಂಬಾ ಕಮ್ಮಿ ಇದೆ, ಈಗ ಪುಟಾಣಿಗಳ ಡ್ಯಾನ್ಸ್" ಎಂದಳು. ಮಕ್ಕಳು ಗೆಜ್ಜೆ ಕಟ್ಟಿಕೊಂಡು ಓಡಿ ಬಂದರು. ಮಾಸ್ತರು ಪೇಟ ತೊಟ್ಟು, ಬುಟ್ಟಿ ಹಿಡಿದು, ಚೀಟಿ ಸಮೇತ ಮೆಟ್ಟಿಲಿಳಿದರು. ಒಂದು ಮಾತೂ ಆಡಲು ಬಿಡಲಿಲ್ಲ. ಊಟಕ್ಕೆ ಮಾತ್ರ ಮೂರು ಮೂರು ಸಲ ಕರೆದರು.

ಆ ಫೋಟೊ ಮಾರನೆಯ ದಿನವೇ ಫೋನಿನಿಂದ ಫೋನಿಗೆ ಹರಿದು ಸ್ಟಾಪಿಗೂ ಬಂತು. ನನ್ನ ಹೆಂಡತಿಯ ಪ್ಯಾಕಿಂಗ್ ಲೈನಿನ ಲೀಡ್, ಅಂದರೆ ಮೇಸ್ತ್ರಿಯಂಥವಳು, ಈಕ್ವಡಾರಿನ ಹೆಂಗಸು, ಬಾಯಿ ಜೋರು. ಫೋನು ನನ್ನ ಮೂಗಿನ ಹತ್ತಿರ ಹಿಡಿದಳು.

"ಪ್ರೊಫೆಗೆ ಕಿರೀಟ ಚೆನ್ನಾಗಿದೆ. ಕುದುರೆ ಎಲ್ಲಿ? ಮದುವೆ ಯಾರ ಜೊತೆ, ಗೇಟಿನವರ ಜೊತೆನಾ?"

ಸುತ್ತಲಿದ್ದ ಹೆಂಗಸರು ನಕ್ಕರು. ಒಬ್ಬಳು ಮಾತ್ರ ನಗದೆ, "ಅವರೂ ಮಾರಿಕೊಂಡರಾ?" ಎಂದು ಮೆಲ್ಲಗೆ ಕೇಳಿದಳು. ಇಪ್ಪತ್ತು ವರ್ಷ ಅವರಿಗಾಗಿ ಓಡಾಡಿದ ಮನುಷ್ಯನ ಮೇಲೆ ಒಂದು ಪೇಟದಿಂದ ಅನುಮಾನ ಬಂತು.

ನಿಜವಾದ ಏಟು ಇನ್ನೂ ಬಾಕಿ ಇತ್ತು. ಮೀಟಿಂಗಿಗೆ ಎರಡು ದಿನ ಮೊದಲು ಟೌನ್‌ಶಿಪ್ಪಿನ ವಕೀಲರು ಮಾಸ್ತರಿಗೆ ಫೋನು ಮಾಡಿದರು. ಅರ್ಜಿ ಹಾಕಿದವರ ಕೈಯಿಂದ ಸದಸ್ಯರು ಉಡುಗೊರೆ ಪಡೆದಿದ್ದಾರೆ ಎಂದು ಯಾರೋ ಫೋಟೊ ಸಮೇತ ದೂರು ಕೊಟ್ಟಿದ್ದಾರೆ, ಹಾಗಾಗಿ ಈ ವಿಷಯದಲ್ಲಿ ನೀವು ವೋಟು ಹಾಕದೆ ಹೊರಗಿರುವುದು ಒಳ್ಳೆಯದು ಎಂದು. ವಾಪಸು ಕೊಡೋಣವೆಂದರೆ ಹಣ್ಣನ್ನು ಪ್ಯಾಂಟ್ರಿಯಲ್ಲಿ ಹಂಚಿ ಆಗಿತ್ತು. ಕೊಟ್ಟರೂ ಪಡೆದದ್ದು ಪಡೆದದ್ದೇ ಎಂದರಂತೆ ವಕೀಲರು.

ನಾನು ಮೇಲೆ ಹೋಗಿ ಓನರನ್ನು ಕೇಳಿದೆ.

"ಅಂಕಲ್, ನಾವು ಗೌರವ ಕೊಟ್ವಿ. ಅದೂ ತಪ್ಪಾ?" ಎಂದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬೇಕೆಂದೇ ಮಾಡಿದರೋ, ತಾನಾಗಿ ಕೂಡಿ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆ ಇರುವುದರಿಂದಲೇ ಇನ್ನೂ ಉರಿಯುತ್ತದೆ. ಬಾಗಿಲವರೆಗೆ ಬಂದು ಹೆಗಲ ಮೇಲೆ ಕೈಯಿಟ್ಟು ಇನ್ನೊಂದು ಮಾತು ಹೇಳಿದರು: "ಮೀಟಿಂಗ್‌ಗೆ ಬೇಕಾದ್ರೆ ಬನ್ನಿ. ಆದ್ರೆ ಮಾತಾಡೋಕೆ ಹೋಗ್ಬೇಡಿ. ಮೈಕಲ್ಲಿ ಅಡ್ರೆಸ್ ಹೇಳ್ಬೇಕಾಗುತ್ತೆ. ನಮ್ಮಿಬ್ರಿಗೂ ತೊಂದ್ರೆ, ಅಲ್ವಾ?"

ಇದನ್ನು ಮಾಸ್ತರಿಗೆ ಹೇಳಿದೆ. ಅವರಿಗೆ ನಿಯಮ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಾತಾಡುವವರು ಮೊದಲು ಹೆಸರು, ಆಮೇಲೆ ಮನೆಯ ವಿಳಾಸ ಹೇಳಬೇಕು. ಅದು ದಾಖಲೆಗೆ ಹೋಗುತ್ತದೆ.

"ನೀನು ಮಾತಾಡುವುದು ಬೇಡ," ಎಂದರು. "ಸ್ಟಾಪು ಉಳಿಸಲು ನಿನ್ನ ಮನೆ ಕಳೆಯುವವನಲ್ಲ ನಾನು. ಈ ಕೆಲಸದಲ್ಲಿ ಬಡವರನ್ನು ಮುಂದೆ ತಳ್ಳಿ ಹಿಂದೆ ನಿಲ್ಲುವವರನ್ನು ತುಂಬಾ ನೋಡಿದ್ದೇನೆ. ಹಾಗೆ ಆಗಲಾರೆ."

ಮೀಟಿಂಗಿನ ಸಂಜೆ ಸಭಾಂಗಣ ತುಂಬಿತ್ತು. ವಿಷಯ ಬಂದಾಗ ಮಾಸ್ತರು ಎದ್ದು ಮೇಜಿನ ಹಿಂದಿನಿಂದ ಇಳಿದು ಬಂದು ಜನರ ನಡುವೆ ಕೂತರು. ಅವರ ಕುರ್ಚಿ ಖಾಲಿ. ಇನ್ನು ಕೋಚ್ ಬೇಡ ಅಂದರೆ ಎರಡಕ್ಕೆ ಎರಡು, ಠರಾವು ಬೀಳುತ್ತದೆ. ಬೇಕು ಅಂದರೆ ಕಂಬ ಹೈವೇಗೆ.

ಅಪಾರ್ಟ್‌ಮೆಂಟಿನ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಮಾತಾಡಿದರು. ಬಾಯಿ ಜೋರಿನ ಲೀಡ್ ಕೂಡ ಮೈಕಿನ ಮುಂದೆ ತಡವರಿಸಿದಳು. ಒಬ್ಬೊಬ್ಬರಿಗೆ ಮೂರೇ ನಿಮಿಷ, ಗಂಟೆ ಹೊಡೆದಾಗ ಅರ್ಧ ಮಾತು ಬಾಯಲ್ಲೇ ಉಳಿಯಿತು. ಆಮೇಲೆ ನಮ್ಮ ಓನರ್ ಎದ್ದರು. ನಾನು ಕಾಫಿ ಕುಡಿದ ಮನೆಗಳವರೆಲ್ಲ ಅವರ ಹಿಂದಿನ ಸಾಲಿನಲ್ಲಿದ್ದರು. ಬರುತ್ತೇವೆ ಅಂದಿದ್ದರಲ್ಲ, ಬಂದಿದ್ದರು.

ಓನರ್ ಮಾತು ಬೆಣ್ಣೆಯ ಹಾಗೆ. ನಮ್ಮ ಸಮುದಾಯಕ್ಕೆ ಆ ಸದಸ್ಯರ ಮೇಲೆ ಅಪಾರ ಗೌರವ, ಈಚೆಗೆ ಸನ್ಮಾನವನ್ನೂ ಮಾಡಿದೆವು ಎಂದರು. ಯಾರ ವಿರುದ್ಧವೂ ನಾವಿಲ್ಲ ಎಂದರು. ಕೊನೆಗೆ, "ಸತ್ಯ ಏನೆಂದರೆ, ನಮ್ಮ ಕಾಲೊನಿಯಲ್ಲಿ ವಾಸಿಸುವ ಒಬ್ಬನೇ ಒಬ್ಬ ವ್ಯಕ್ತಿಯೂ ಈ ಬಸ್ಸನ್ನು ಬಳಸುವುದಿಲ್ಲ" ಎಂದರು.

ಕೋಚ್ ತಲೆ ಆಡಿಸಿ ಪೆನ್ನು ತೆಗೆದರು.

ನನ್ನ ಹೆಂಡತಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. ಮೊಣಕೈಯಿಂದ ತಿವಿದಳು.

"ಏನಂದ್ರು ಅವ್ರು? ಯಾರೂ ಇಲ್ಲ ಅಂದ್ರೇನು?"

"ಹೂಂ."

"ಮತ್ತ ನಾವ್ಯಾರ್ರಿ? ಹೆಣಾ ಏನು?"

"ಮಾತಾಡಿದ್ರ ಮನಿ ಹೋಗ್ತೈತಿ."

"ಅದೇನ್ ನಮ್ಮ ಮನೀನ? ಏಳ್ರಿ."

ಎದ್ದೆ. ಮಾಸ್ತರು ನನ್ನ ತೋಳು ಹಿಡಿದು ಬೇಡ ಎಂದು ತಲೆ ಆಡಿಸಿದರು. ಬಿಡಿಸಿಕೊಂಡು ಹೋದೆ. ಹೋಗುವಾಗ ಓನರನ್ನು ದಾಟಿ ಹೋಗಬೇಕಿತ್ತು. "ಅಂಕಲ್, ಯೋಚ್ನೆ ಮಾಡಿ" ಎಂದರು ತುಟಿ ಅಲುಗಿಸದೆ. ಮೈಕು ನನಗೆ ಎತ್ತರವಾಗಿತ್ತು, ಬಗ್ಗಿಸಿದೆ. ಕ್ಲಾಸಿನಲ್ಲಿ ಮಾಸ್ತರು ಕಲಿಸಿದ ಇಂಗ್ಲಿಷಿನಲ್ಲಿ ನಿಧಾನವಾಗಿ ಹೆಸರು ಹೇಳಿದೆ. ಮನೆಯ ನಂಬರು, ಬೀದಿಯ ಹೆಸರು ಹೇಳಿದೆ. ಅದರ ಮುಂದೆ "ಬೇಸ್‌ಮೆಂಟ್" ಎಂದೂ ಹೇಳಿದೆ. ನಾನೂ ನನ್ನ ಹೆಂಡತಿಯೂ ಕಾಲೊನಿಯಲ್ಲಿ ಇದ್ದೇವೆ, ದಿನಾ ಆ ಬಸ್ಸು ಹತ್ತುತ್ತೇವೆ, ಇವರು ಹೇಳಿದ್ದು ಸುಳ್ಳು. ಅಷ್ಟೇ. ಒಂದೇ ವಿಷಯ ಹೇಳು ಅಂದಿದ್ದರಲ್ಲ.

ಹಾಲಿನಲ್ಲಿ ಗುಸುಗುಸು ಎದ್ದಿತು. ಕೋಚ್ ಕನ್ನಡಕ ತೆಗೆದು ಓನರ್ ಕಡೆ ನೋಡಿದರು.

"ಇವರು ಹೇಳಿದ ವಿಳಾಸ ನೀವು ಹೇಳಿದ ವಿಳಾಸವೇ ಅಲ್ಲವೇ? ಇವರು ನಿಮ್ಮ ಮನೆಯ ಬಾಡಿಗೆದಾರರೇ?"

ಬಾಡಿಗೆ ಅಂದರೆ ನಿಯಮ ಮುರಿದ ಹಾಗೆ. ಓನರ್, "ಬಾಡಿಗೆದಾರರಲ್ಲ. ಅವರು ನಮ್ಮ ಫ್ಯಾಮಿಲಿ ಇದ್ದ ಹಾಗೆ" ಎಂದರು.

"ಹಾಗಾದರೆ ನಿಮ್ಮ ಫ್ಯಾಮಿಲಿಯೇ ಆ ಬಸ್ಸು ಹತ್ತುತ್ತದೆ," ಎಂದರು ಕೋಚ್.

ಹಿಂದಿನಿಂದ ಲೀಡ್ ಜೋರಾಗಿ ನಕ್ಕಳು. ಮೇಯರ್ ಸುತ್ತಿಗೆ ಕುಟ್ಟಿದರು. ವೋಟು ಎರಡಕ್ಕೆ ಎರಡು. ಠರಾವು ಬಿತ್ತು. ಹೆಂಗಸರು ಮಾಸ್ತರನ್ನು ಅಪ್ಪಿಕೊಂಡರು. ಮಾಸ್ತರು ಮಾತ್ರ ನನ್ನನ್ನೇ ನೋಡುತ್ತಿದ್ದರು, ಖುಷಿಯಿಂದಲ್ಲ. "ಯಾಕೆ ಹೋದೆ?" ಎಂದರು ಹೊರಗೆ ಬಂದ ಮೇಲೆ. ನಾನು ವ್ಯಾನಿನ ಬಾಗಿಲು ತೆಗೆದು ಹೆಂಡತಿಯನ್ನು ಹತ್ತಿಸಿದೆ.

ಆ ವಾರವೇ ಟೌನ್‌ಶಿಪ್ಪಿನ ಇನ್‌ಸ್ಪೆಕ್ಟರ್ ಬಂದು ಬೇಸ್‌ಮೆಂಟಿನ ಕಿಟಕಿ ಅಳೆದು, ಇಲ್ಲಿ ಜನ ಇರುವಂತಿಲ್ಲ ಎಂದು ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಕಾಲೊನಿಯಲ್ಲಿ ನಮಗೆ ಎದುರಾದವರು ಫೋನು ನೋಡುತ್ತ ಆ ಕಡೆಯ ಫುಟ್‌ಪಾತಿಗೆ ದಾಟುತ್ತಿದ್ದರು. ಕಾಫಿಗೆ ಯಾರೂ ಕರೆಯಲಿಲ್ಲ. ಜಾಗ ಕೊಟ್ಟವಳು ಲೀಡ್. ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಅವಳ ಅಕ್ಕನ ಮನೆಯ ಒಂದು ಕೋಣೆ ಖಾಲಿಯಿತ್ತು. "ಮೆಣಸಿನಕಾಯಿ ನೀವೂ ತಿನ್ನುತ್ತೀರಿ, ನಾವೂ ತಿನ್ನುತ್ತೇವೆ, ಜಗಳ ಆಗುವುದಿಲ್ಲ" ಎಂದಳು.

ಶನಿವಾರ ಮಾಸ್ತರು ವ್ಯಾನು ತಂದರು. ಕುರ್ಚಿಗಳನ್ನೆಲ್ಲ ಇಳಿಸಿ ಚರ್ಚಿನಲ್ಲಿಟ್ಟು ಬಂದಿದ್ದರು. ನಮ್ಮ ಹಾಸಿಗೆ, ಪಾತ್ರೆ, ಎರಡು ಸೂಟ್‌ಕೇಸು ಹೊತ್ತು ಹಾಕಿದೆವು. ಓನರ್ ಗ್ಯಾರೇಜಿನ ಬಾಯಲ್ಲಿ ಕೈಕಟ್ಟಿ ನಿಂತಿದ್ದರು. ಕೊನೆಯ ಗಂಟು ಏರಿಸುವಾಗ ಹತ್ತಿರ ಬಂದು, ಏನೂ ಆಗಿಯೇ ಇಲ್ಲ ಅನ್ನುವ ದನಿಯಲ್ಲಿ ನನ್ನ ಹೆಂಡತಿಗೆ ಹೇಳಿದರು:

"ಆಂಟಿ, ಮನಸ್ಸಲ್ಲಿ ಏನೂ ಇಟ್ಕೋಬೇಡಿ. ಮುಂದಿನ ತಿಂಗಳು ನಮ್ಮನೇಲಿ ಒಂದು ಫಂಕ್ಷನ್ ಇದೆ. ರೊಟ್ಟಿ ಮಾಡಿಕೊಡೋಕೆ ಬರ್ತೀರಲ್ವಾ?"

ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಕುಕ್ಕರ್ ಬಿಸಾಕಬೇಕೆನಿಸಿತು. ಅವಳು ಸೆರಗು ಸರಿಮಾಡಿಕೊಂಡು ಅವರ ಮುಖ ನೋಡಿದಳು.

"ನಾ ಈಗ ಆ ಕಡಿ ಮಂದಿ ಆದ್ನಲ್ರಿ. ನಿಮ್ಮ ಗೇಟಿನ ಮುಂದ ನಿಲ್ತೀನಿ ದಿನಾ. ರೊಟ್ಟಿ ಬೇಕಂದ್ರ ಅಲ್ಲಿ ಬಂದು ಕೇಳ್ರಿ, ಎಲ್ಲಾರ ಮುಂದ."

ಓನರ್ ಮುಖ ಕೆಂಪಗಾಯಿತು. ಅವಳು ಏನಂದಳು ಎಂದು ಮಾಸ್ತರು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ವ್ಯಾನಿನ ಹಿಂಬಾಗಿಲು ಧಡಾರನೆ ಮುಚ್ಚಿ, ಕೈಯ ಧೂಳು ಕೊಡವಿ, ಓನರ್ ಹತ್ತಿರ ಹೋದರು.

"ಎಷ್ಟು ಹೊತ್ತು ಅಂತ ನಿಂತೇ ಇರುತ್ತಾರೆ ಆ ಹೆಂಗಸರು?" ಎಂದರು. "ಮುಂದಿನ ಮೀಟಿಂಗಿಗೆ ಅಲ್ಲೊಂದು ಬೆಂಚು ಹಾಕುವ ಠರಾವು ತರುತ್ತಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ನನಗೆ ಏನೂ ಕೊಡಬೇಡಿ. ಒಂದು ಲೋಟ ನೀರು ಕೂಡ. ಈ ಸಲ ನಾನು ವೋಟು ಹಾಕಬೇಕು."